ಇಂಜಿನ್ ಬಿಸಿ ಮಾಡುವ ಅಭ್ಯಾಸ ಬಂದ ದಾರಿ

ನಿಮ್ಮ ಊರಿನಲ್ಲಿ ರಾತ್ರಿ ತಂಗುವ ಬಸ್ಸು ಇದ್ದರೆ ಈ ಸದ್ದು ನಿಮಗೆ ಹೊಸದಲ್ಲ. ಒಂದು ಕಡೆ ಅದನ್ನು ಹಾಲ್ಟ್ ಬಸ್ಸು ಎನ್ನುತ್ತಾರೆ, ಸೊಲ್ಲಾಪುರ, ಜತ್ತದ ಕಡೆ ವಸ್ತಿ ಬಸ್ಸು, ಮುಕ್ಕಾಮಿ ಗಾಡಿ ಎನ್ನುತ್ತಾರೆ. ಬೆಳಗಿನ ಐದೂವರೆಗೆ ಡ್ರೈವರು ಇಂಜಿನ್ ಚಾಲೂ ಮಾಡುತ್ತಾನೆ. ಆದರೆ ಬಸ್ಸು ಹೊರಡುವುದಿಲ್ಲ. ಹೂವಿನ ಬುಟ್ಟಿಯವರು, ಹಾಲಿನ ಕ್ಯಾನಿನವರು, ತಾಲೂಕು ಆಸ್ಪತ್ರೆಗೆ ಹೋಗಬೇಕಾದವರು ಹತ್ತಿ ಕುಳಿತಿರುತ್ತಾರೆ. ಬಸ್ಸು ಗುಡುಗುಡು ಎನ್ನುತ್ತ ನಿಂತೇ ಇರುತ್ತದೆ. ಕೇಳಿದರೆ, "ಇಂಜಿನ್ ಬಿಸಿಯಾಗಲಿ" ಎಂಬ ಉತ್ತರ. ಇದನ್ನು ನೋಡುತ್ತ ಬೆಳೆದ ನಮ್ಮ ಹುಡುಗರು ಈಗ ಕಂತಿನ ಮೇಲೆ ಕಾರು ಕೊಂಡಾಗ ಅದನ್ನೂ ಅಂಗಳದಲ್ಲಿ ಹಾಗೆಯೇ ಹತ್ತು ನಿಮಿಷ ನಿಲ್ಲಿಸುತ್ತಾರೆ. ಈ ಅಭ್ಯಾಸ ಎಲ್ಲಿಂದ ಬಂತು, ಅದರಲ್ಲಿ ಎಷ್ಟು ಉಳಿಯಬೇಕು, ಎಷ್ಟು ಹೋಗಬೇಕು ಎಂಬುದನ್ನು ನೋಡೋಣ.

ಮೋಟಾರಿನಷ್ಟೇ ಹಳೆಯದು ಈ ಅಭ್ಯಾಸ. ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಗಾಡಿಗೆ ಪೇಟೆಂಟು ಪಡೆದದ್ದು 1886ರಲ್ಲಿ. ಅದೇ ಕಾಲಕ್ಕೆ ಅದೇ ದೇಶದ ಡೈಮ್ಲರ್ ಮತ್ತು ಮೇಬಾಕ್ ಬೇರೊಂದು ಇಂಜಿನ್ ಮಾಡಿದರು. ಅದರಲ್ಲಿ ಈಗಿನಂತೆ ಸ್ಪಾರ್ಕ್ ಪ್ಲಗ್ ಇರಲಿಲ್ಲ. ಸಿಲಿಂಡರಿಗೆ ಒಂದು ಸಣ್ಣ ಕೊಳವೆ ಚುಚ್ಚಿರುತ್ತಿತ್ತು. ಅದರ ಹೊರಗಡೆ ಒಂದು ದೀಪ. ಆ ದೀಪ ಹಚ್ಚಿ, ಕೊಳವೆ ಕೆಂಪಗೆ ಕಾಯುವ ತನಕ ಕಾದು ನಿಂತು, ಆಮೇಲೆ ಇಂಜಿನ್ ತಿರುಗಿಸಬೇಕು. ಉಗಿ ಕಾರುಗಳ ಕತೆಯಂತೂ ಕೇಳುವುದೇ ಬೇಡ. ಅಮೆರಿಕದ ಸ್ಟ್ಯಾನ್ಲಿ ಉಗಿ ಕಾರಿನಲ್ಲಿ ನೀರು ಕುದಿದು ಒತ್ತಡ ಏರುವ ಹೊತ್ತಿಗೆ ಯಜಮಾನ ಉಪಾಹಾರ ಮುಗಿಸಿ ಕೈ ತೊಳೆದುಕೊಂಡು ಬರಬಹುದಿತ್ತು.

ನಮ್ಮ ಹಳ್ಳಿಗಳಲ್ಲಿ ಈ ತರಹದ ಯಂತ್ರ ಕಂಡದ್ದು ರಸ್ತೆಯ ಮೇಲಲ್ಲ, ಗಿರಣಿಯಲ್ಲಿ. ಅಕ್ಕಿ ಗಿರಣಿಗಳಲ್ಲಿ ಹಿಂದೆ ಕ್ರೂಡ್ ಆಯಿಲ್ ಇಂಜಿನ್ ಇರುತ್ತಿತ್ತು. ಅದರ ತಲೆಯ ಮೇಲಿನ ಕಬ್ಬಿಣದ ಬುರುಡೆಯನ್ನು ಬ್ಲೋ ಲ್ಯಾಂಪಿನಿಂದ ಕಾಯಿಸಿ, ಆಮೇಲೆ ದೊಡ್ಡ ಗಾಲಿಯನ್ನು ಇಬ್ಬರು ಎಳೆದು ಬಿಡುತ್ತಿದ್ದರು. ಬುರುಡೆ ಕಾಯದೆ ಎಣ್ಣೆ ಹೊತ್ತಿಕೊಳ್ಳುತ್ತಿರಲಿಲ್ಲ.

ಆದರೆ ನಮ್ಮ ಗಡಿನಾಡುಗಳ ಹಿರಿಯರ ನೆನಪಿನಲ್ಲಿ ಉಳಿದದ್ದು ಇದ್ದಿಲಿನ ಬಸ್ಸು. ಎರಡನೆಯ ಮಹಾಯುದ್ಧದ ಕಾಲ. ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ವಯನಾಡು ಮಲಬಾರ್ ಜಿಲ್ಲೆಗೆ, ಹೊಸೂರು ಸೇಲಂ ಜಿಲ್ಲೆಗೆ, ತಾಳವಾಡಿ ಕೊಯಮತ್ತೂರಿಗೆ, ಆದೋನಿ ರಾಯದುರ್ಗಗಳು ಬಳ್ಳಾರಿಗೆ, ಮಡಕಶಿರಾ ಅನಂತಪುರಕ್ಕೆ ಸೇರಿದ್ದವು. ನೀಲಗಿರಿಯನ್ನೂ ಸೇರಿಸಿ ಇವೆಲ್ಲ ಒಂದೇ ಮದರಾಸು ಪ್ರಾಂತ. ಸೊಲ್ಲಾಪುರ ಮುಂಬಯಿ ಪ್ರಾಂತದಲ್ಲಿ, ಅಕ್ಕಲಕೋಟೆ ಮತ್ತು ಜತ್ತ ಸಣ್ಣ ಸಂಸ್ಥಾನಗಳು. ಗಡಿಗಳು ಬೇರೆಯಾಗಿದ್ದರೂ ಪೆಟ್ರೋಲಿನ ಅಭಾವ ಒಂದೇ. 1941ರಲ್ಲಿ ಸರ್ಕಾರ ಪೆಟ್ರೋಲಿಗೆ ರೇಷನ್ ತಂದಿತು. 1942ರಲ್ಲಿ ಜಪಾನಿನ ಸೇನೆ ಬರ್ಮಾಕ್ಕೆ ನುಗ್ಗಿದಾಗ, ಅದರ ಕೈಗೆ ಸಿಗಬಾರದೆಂದು ಯೆನಾಂಗ್ಯಾಂಗಿನ ಎಣ್ಣೆ ಬಾವಿಗಳನ್ನು ಬ್ರಿಟಿಷರೇ ನಾಶ ಮಾಡಿದರು. ಇದ್ದ ಪೆಟ್ರೋಲು ಮೊದಲು ಸೈನ್ಯಕ್ಕೆ, ಉಳಿದರೆ ಊರಿಗೆ.

ಬಸ್ಸು ನಿಲ್ಲಿಸುವ ಹಾಗಿರಲಿಲ್ಲ. ಆಗ ಕೈ ಹಿಡಿದದ್ದು ಪ್ರೊಡ್ಯೂಸರ್ ಗ್ಯಾಸ್. ಫ್ರಾನ್ಸಿನ ಜಾರ್ಜ್ ಅಂಬೇರ್ ಎಂಬ ಇಂಜಿನಿಯರು 1920ರ ದಶಕದಲ್ಲೇ ಸೌದೆಯಿಂದ ಗ್ಯಾಸು ತೆಗೆದು ಮೋಟಾರು ಓಡಿಸುವ ಉಪಕರಣ ರೂಪಿಸಿದ್ದ. ಯುದ್ಧ ಮುಗಿಯುವ ಹೊತ್ತಿಗೆ ಜರ್ಮನಿಯೊಂದರಲ್ಲೇ ಸುಮಾರು 5 ಲಕ್ಷ ವಾಹನಗಳು ಇಂಥ ಗ್ಯಾಸಿನಿಂದ ಓಡುತ್ತಿದ್ದವು. ನಮ್ಮ ಕಡೆ ಸೌದೆಗಿಂತ ಇದ್ದಿಲೇ ಅನುಕೂಲವೆನಿಸಿತು. ಮಧುರೆಯ ಟಿ.ವಿ. ಸುಂದರಂ ಅಯ್ಯಂಗಾರರ ಸಂಸ್ಥೆ ಈ ಕಾಲದಲ್ಲಿ ಟಿ.ವಿ.ಎಸ್. ಗ್ಯಾಸ್ ಪ್ಲಾಂಟ್ ಎಂಬ ಹೆಸರಿನಲ್ಲಿ ಉಪಕರಣ ತಯಾರಿಸಿತು. ಹೊಸೂರಿನ ಶ್ರೋತೃಗಳಿಗೆ ಟಿ.ವಿ.ಎಸ್. ಎಂದರೆ 1980ರಲ್ಲಿ ಬಂದ ಮೊಪೆಡ್ ನೆನಪಾಗುತ್ತದೆ. ಅದೇ ಮನೆತನದ ಹಳೆಯ ಕಸುಬು ಇದು.

ಹೆಸರಿನ ಬಗ್ಗೆ ಒಂದು ಮಾತು. ತಮಿಳು, ಮಲೆಯಾಳಗಳಲ್ಲಿ ಕರಿ ಎಂದರೆ ಇದ್ದಿಲು. ನಮ್ಮಲ್ಲಿ ಕರಿ ಎಂದರೆ ಬಣ್ಣ. ಹಾಗಾಗಿ ಕರಿ ಬಸ್ಸು ಎಂದಾಗ ಒಬ್ಬರಿಗೆ ಇಂಧನ ಕಂಡರೆ ಇನ್ನೊಬ್ಬರಿಗೆ ಬಣ್ಣ ಕಾಣಿಸುತ್ತದೆ. ಇಬ್ಬರ ಮಾತೂ ಸರಿಯೇ, ಯಾಕೆಂದರೆ ಆ ಬಸ್ಸಿನಲ್ಲಿ ಪ್ರಯಾಣ ಮಾಡಿ ಇಳಿದವರ ಬಿಳಿ ಪಂಚೆಯೂ ಅದೇ ಬಣ್ಣಕ್ಕೆ ತಿರುಗುತ್ತಿತ್ತು.

ಬಸ್ಸಿನ ಹಿಂಭಾಗಕ್ಕೋ ಪಕ್ಕಕ್ಕೋ ಆಳೆತ್ತರದ ಕಬ್ಬಿಣದ ಪೀಪಾಯಿ ಕಟ್ಟಿರುತ್ತಿದ್ದರು. ಅದರೊಳಗೆ ಇದ್ದಿಲು ತುಂಬಿ ಬುಡದಲ್ಲಿ ಬೆಂಕಿ ಹಾಕಬೇಕು. ಕ್ಲೀನರ್ ಹುಡುಗ ಕೈಯಿಂದ ತಿರುಗಿಸುವ ಗಾಳಿಯಂತ್ರದಿಂದ, ಕಮ್ಮಾರನ ತಿದಿಯಂತೆ, ಹತ್ತು ಹದಿನೈದು ನಿಮಿಷ ಗಾಳಿ ಹೊಡೆಯಬೇಕು. ಒಳಗೆ ನಡೆಯುವುದು ಇಷ್ಟು: ಕೆಳಗಿನ ಇದ್ದಿಲು ಉರಿದು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಅದು ಮೇಲಿನ ಕೆಂಡದ ಪದರದ ಮೂಲಕ ಹಾದಾಗ, ಕೆಂಡ ಚೆನ್ನಾಗಿ ಕೆಂಪಗಿದ್ದರೆ ಮಾತ್ರ, ಇಂಗಾಲದ ಮಾನಾಕ್ಸೈಡ್ ಆಗಿ ಬದಲಾಗುತ್ತದೆ. ಆ ಅನಿಲಕ್ಕೆ ಹೊತ್ತಿಕೊಳ್ಳುವ ಗುಣವಿದೆ. ಇಂಜಿನ್ ಓಡುವುದು ಅದರಿಂದ. ಕೆಂಡ ಮಂಕಾಗಿದ್ದರೆ ಬರುವುದು ಬರೀ ಹೊಗೆ. ಕೊಳವೆಯ ಬಾಯಿಗೆ ಕಡ್ಡಿ ಗೀರಿ ಹಿಡಿದು, ಉರಿ ನಿಂತರೆ ಗ್ಯಾಸು ಬಂದಿದೆ ಎಂದು ತಿಳಿಯುತ್ತಿದ್ದರು. ಅಂದರೆ ಆ ಬಸ್ಸಿನಲ್ಲಿ ಬಿಸಿ ಮಾಡುವುದು ಶಾಸ್ತ್ರಕ್ಕಲ್ಲ. ಬಿಸಿಯಾಗದಿದ್ದರೆ ಇಂಧನವೇ ಇಲ್ಲ.

ಇಷ್ಟು ಮಾಡಿಯೂ ಸಿಗುವ ಗ್ಯಾಸಿನಲ್ಲಿ ಅರ್ಧದಷ್ಟು ಗಾಳಿಯ ಸಾರಜನಕವೇ. ಅದು ಉರಿಯುವುದಿಲ್ಲ, ಸುಮ್ಮನೆ ಬಂದು ಸುಮ್ಮನೆ ಹೋಗುತ್ತದೆ. ಹಾಗಾಗಿ ಇಂಜಿನ್ನಿನ ಶಕ್ತಿ ಮೂರನೆಯ ಒಂದು ಪಾಲಿನಿಂದ ಅರ್ಧದವರೆಗೆ ಇಳಿಯುತ್ತಿತ್ತು. ಏರು ಬಂದರೆ ಪ್ರಯಾಣಿಕರು ಇಳಿದು ನಡೆಯಬೇಕು, ಕೆಲವೊಮ್ಮೆ ದೂಡಲೂಬೇಕು. ಟಿಕೇಟು ಕೊಟ್ಟು ಬಸ್ಸು ದೂಡಿದೆವು ಎಂಬ ಹಿರಿಯರ ತಮಾಷೆ ಉತ್ಪ್ರೇಕ್ಷೆಯಲ್ಲ. ಒಂದು ಲೀಟರ್ ಪೆಟ್ರೋಲಿನ ಕೆಲಸಕ್ಕೆ ಹೆಚ್ಚು ಕಡಿಮೆ ಒಂದೂವರೆ ಕಿಲೋ ಇದ್ದಿಲು ಬೇಕು. ಅಷ್ಟು ಇದ್ದಿಲಿಗೆ ಅದರ ಹಲವು ಪಟ್ಟು ಮರ ಸುಡಬೇಕು. ಯುದ್ಧದ ಖರ್ಚನ್ನು ಲೆಕ್ಕ ಹಾಕುವವರು ನಮ್ಮ ಕಾಡುಗಳನ್ನೂ ಅದರಲ್ಲಿ ಬರೆಯಬೇಕೆಂದು ನನ್ನ ಅಭಿಪ್ರಾಯ.

ಇನ್ನೊಂದು ಖರ್ಚು ಬಿದ್ದದ್ದು ಆ ಕ್ಲೀನರ್ ಹುಡುಗನ ಮೇಲೆ. ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿದ ಬಲದಿಂದ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ವಾಂತಿ, ತಲೆಸುತ್ತು, ಹೆಚ್ಚಾದರೆ ಎಚ್ಚರ ತಪ್ಪಿ ಸಾವು. ಇಂಥ ವಾಹನಗಳು ಬಹಳ ಇದ್ದ ಸ್ವೀಡನ್ ದೇಶದಲ್ಲಿ 1940ರ ದಶಕದ ವೈದ್ಯರು ಇದನ್ನೊಂದು ರೋಗವಾಗಿಯೇ ಅಭ್ಯಾಸ ಮಾಡಿದರು. ನಮ್ಮಲ್ಲಿ ಬೆಳಗಿನ ಜಾವ ಗಾಳಿ ಹೊಡೆದು ತಲೆ ಹಿಡಿದುಕೊಂಡು ಕೂತ ಹುಡುಗನಿಗೆ ನಿದ್ದೆ ಸಾಲದು ಎಂದರೆ ಮುಗಿಯಿತು.

ಯುದ್ಧ ಮುಗಿದು ಪೆಟ್ರೋಲು ಮತ್ತೆ ಸಿಗತೊಡಗಿದಾಗ ಪೀಪಾಯಿಗಳು ಗುಜರಿ ಸೇರಿದವು. ಆದರೆ ಬಿಸಿ ಮಾಡುವ ಕೆಲಸ ಮುಗಿಯಲಿಲ್ಲ. ಅಮೆರಿಕದ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲೇ ಬಂದಿದ್ದರೂ, ನಮ್ಮ ಲಾರಿ ಬಸ್ಸುಗಳಲ್ಲಿ ಬಹುಕಾಲ ಹ್ಯಾಂಡಲ್ ಹೊಡೆಯುವುದೇ ನಡೆಯಿತು. ಹೆಬ್ಬೆರಳನ್ನು ಉಳಿದ ಬೆರಳುಗಳ ಜೊತೆಗೇ ಇಡಬೇಕು, ಹಿಡಿಯನ್ನು ಸುತ್ತಿ ಹಿಡಿಯಬಾರದು ಎಂಬುದು ಮೊದಲ ಪಾಠ. ಇಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು.

ಅಂಬಾಸಿಡರ್, ಫಿಯೆಟ್, ಹಳೆಯ ಮಾರುತಿ 800 ಇವುಗಳಲ್ಲಿ ಕಾರ್ಬುರೇಟರ್ ಇತ್ತು. ತಣ್ಣಗಿರುವ ಪೆಟ್ರೋಲು ಸರಿಯಾಗಿ ಆವಿಯಾಗುವುದಿಲ್ಲ. ಹನಿಯಾಗಿಯೇ ಒಳಗೆ ಹೋಗುತ್ತದೆ. ಅದಕ್ಕೆ ಚೋಕ್ ಎಳೆದು ಗಾಳಿಯನ್ನು ತಡೆದು ಪೆಟ್ರೋಲಿನ ಪ್ರಮಾಣ ಹೆಚ್ಚಿಸಬೇಕಾಗಿತ್ತು. ಬಿಸಿಯಾಗುವ ಮೊದಲೇ ಗೇರು ಹಾಕಿದರೆ ಗಾಡಿ ಗಕ್ಕನೆ ನಿಲ್ಲುತ್ತಿತ್ತು. ಆಗಿನ ಎಣ್ಣೆಯೂ ಹಾಗೆಯೇ. ಮಾಗಿ ಚಳಿಯಲ್ಲಿ ಕೊಬ್ಬರಿ ಎಣ್ಣೆ ಸೀಸೆಯೊಳಗೆ ಗಟ್ಟಿಯಾಗುವುದನ್ನು ಎಲ್ಲರೂ ಕಂಡಿದ್ದೇವೆ. ಇಂಜಿನ್ ಆಯಿಲ್ ಅಷ್ಟು ಗಟ್ಟಿಯಾಗದಿದ್ದರೂ ಚಳಿಗೆ ಮಂದವಾಗಿ, ಮೇಲಿನ ಭಾಗಗಳನ್ನು ತಲುಪಲು ತಡ ಮಾಡುತ್ತಿತ್ತು. ಉದಕಮಂಡಲದಲ್ಲಿ ಡಿಸೆಂಬರ್ ಜನವರಿಯ ಬೆಳಗ್ಗೆ ಹುಲ್ಲಿನ ಮೇಲೆ ಹಿಮ ಬಿದ್ದಿರುವಾಗ ಹತ್ತು ನಿಮಿಷ ಕಾದ ನೀಲಗಿರಿಯ ಡ್ರೈವರಿಗೆ ಕಾರಣವಿತ್ತು. ಸೊಲ್ಲಾಪುರದ ಮೇ ತಿಂಗಳಿನಲ್ಲಿ ಕಾಯುವವನಿಗೆ ಆಗಲೂ ಇರಲಿಲ್ಲ.

ಇವತ್ತು ಏನು ಬದಲಾಗಿದೆ? 2000ದ ಆಸುಪಾಸಿನಲ್ಲಿ, ಹೊಗೆಯ ನಿಯಮಗಳು ಬಿಗಿಯಾದಾಗ, ನಮ್ಮ ಕಾರುಗಳಿಂದ ಕಾರ್ಬುರೇಟರ್ ಹೋಯಿತು. ಈಗ ಇಂಜಿನ್ ಎಷ್ಟು ತಣ್ಣಗಿದೆ ಎಂಬುದನ್ನು ಒಂದು ಸೆನ್ಸರ್ ಅಳೆದು, ಎಷ್ಟು ಪೆಟ್ರೋಲು ಬೇಕೋ ಅಷ್ಟನ್ನು ಇಂಜೆಕ್ಟರ್ ಸಿಂಪಡಿಸುತ್ತದೆ. ಎಣ್ಣೆ ಮಲ್ಟಿಗ್ರೇಡ್ ಬಂದಿದೆ. ಡಬ್ಬಿಯ ಮೇಲಿನ 5ಡಬ್ಲ್ಯು, 10ಡಬ್ಲ್ಯು ಎಂಬುದರಲ್ಲಿ ಡಬ್ಲ್ಯು ಎಂದರೆ ಚಳಿಗಾಲ. ಇಂಥ ಕಾರಿಗೆ ನಮ್ಮ ಹವೆಯಲ್ಲಿ ಅರ್ಧ ನಿಮಿಷ ಸಾಕು. ಬೆಲ್ಟು ಹಾಕಿಕೊಂಡು, ಕನ್ನಡಿ ಸರಿಮಾಡಿ, ಹೊರಡಬೇಕು. ಆದರೆ ಮೊದಲ ಎರಡು ಮೂರು ಮೈಲಿ ಕಾಲು ಹಗುರವಾಗಿರಲಿ. ಇಂಜಿನ್ನನ್ನು ಗರ್ಜಿಸುವಂತೆ ಒತ್ತಬಾರದು. ನಿಂತ ಇಂಜಿನ್ನಿಗಿಂತ ನಿಧಾನವಾಗಿ ಓಡುವ ಇಂಜಿನ್ ಬೇಗ ಬಿಸಿಯಾಗುತ್ತದೆ. ಗೇರ್ ಬಾಕ್ಸು, ಚಕ್ರದ ಬೇರಿಂಗು, ಟೈರುಗಳಂತೂ ಗಾಡಿ ಚಲಿಸಿದರೆ ಮಾತ್ರ ಬಿಸಿಯಾಗುವುದು. ಸುಮ್ಮನೆ ನಿಲ್ಲಿಸಿದಾಗ ಹೆಚ್ಚಾಗಿ ಬಿದ್ದ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿಳಿಯುತ್ತದೆ. ಇಂಜಿನ್ನಿಗೆ ಉಪಕಾರವೆಂದು ಮಾಡಿದ್ದು ಸವೆತಕ್ಕೆ ದಾರಿಯಾಗುತ್ತದೆ.

ಡೀಸೆಲ್ ಗಾಡಿಯಲ್ಲಿ ಬೆಂಕಿಯ ಕಿಡಿ ಇಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಕಾವೇ ಎಣ್ಣೆಯನ್ನು ಹೊತ್ತಿಸುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಓಡಿಸಿ ತೋರಿಸಿದ ತತ್ವ ಇದೇ. ತಣ್ಣನೆಯ ಗೋಡೆ ಆ ಕಾವನ್ನು ಹೀರಿದರೆ ಬಿಳಿ ಹೊಗೆ ಬರುತ್ತದೆ. ಜೀಪು, ಟ್ರ್ಯಾಕ್ಸಿನವರು "ಹೀಟರ್ ಹಾಕು" ಎನ್ನುವುದು ಇದಕ್ಕಾಗಿ. ಚಾವಿಯನ್ನು ಅರ್ಧ ತಿರುಗಿಸಿ ಸುರುಳಿ ಗುರುತಿನ ದೀಪ ಆರುವ ತನಕ ಕಾದರೆ ಆಯಿತು.

ಹಾಗಾದರೆ ಮೊದಲು ಹೇಳಿದ ಆ ಬಸ್ಸು? ಅದರ ಡ್ರೈವರನ್ನು ಬಯ್ಯಬೇಡಿ. ದೊಡ್ಡ ಬಸ್ಸು ಲಾರಿಗಳ ಬ್ರೇಕು ಗಾಳಿಯ ಒತ್ತಡದಿಂದ ಕೆಲಸ ಮಾಡುತ್ತದೆ. ರಾತ್ರಿಯೆಲ್ಲ ನಿಂತಾಗ ಟ್ಯಾಂಕಿನ ಗಾಳಿ ಸೋರಿ ಇಳಿದಿರುತ್ತದೆ. ಇಂಜಿನ್ ಓಡಿ ಕಂಪ್ರೆಸರು ಗಾಳಿ ತುಂಬುವ ತನಕ ಬಸ್ಸು ಹೊರಡಬಾರದು. ಹಲವು ಬಸ್ಸುಗಳಲ್ಲಿ ಅಲ್ಲಿಯವರೆಗೆ ಚಕ್ರ ಬಿಡುವುದೇ ಇಲ್ಲ. ಡ್ರೈವರು ದೇವರ ಪಟಕ್ಕೆ ಊದುಬತ್ತಿ ಹಚ್ಚಿ ಕೈಮುಗಿಯುವಷ್ಟು ಹೊತ್ತು ಸಾಮಾನ್ಯವಾಗಿ ಅದಕ್ಕೆ ಸಾಕಾಗುತ್ತದೆ. ಅವನ ಬಾಯಲ್ಲಿ ಬಿಸಿ ಎಂಬ ಹಳೆಯ ಮಾತು ಉಳಿದಿದೆ, ಕಣ್ಣು ಮಾತ್ರ ಗಾಳಿಯ ಮುಳ್ಳಿನ ಮೇಲಿರುತ್ತದೆ. ಅವನನ್ನು ನೋಡಿ ಸಣ್ಣ ಕಾರಿನವರು ಕಾಯುವುದಕ್ಕೆ ಅರ್ಥವಿಲ್ಲ, ಏಕೆಂದರೆ ಕಾರಿನ ಬ್ರೇಕಿಗೆ ಆ ಟ್ಯಾಂಕೇ ಇಲ್ಲ.

ಇನ್ನು ಕಾರಿನ ಕೊಟ್ಟಿಗೆ. ಇದ್ದಿಲು ಬಸ್ಸಿನ ಪೀಪಾಯಿಯಲ್ಲಿ ಹುಟ್ಟುತ್ತಿದ್ದ ಅದೇ ಮಾನಾಕ್ಸೈಡ್ ಪೆಟ್ರೋಲು ಕಾರಿನ ಹೊಗೆಯಲ್ಲೂ ಇದೆ. ಅದನ್ನು ಶುದ್ಧ ಮಾಡಲು ಹೊಗೆ ಕೊಳವೆಯಲ್ಲಿ ಇಟ್ಟಿರುವ ಕನ್ವರ್ಟರು ತಾನೇ ಕಾಯುವ ತನಕ ಕೆಲಸ ಮಾಡದು. ಎಂದರೆ ಚಾಲೂ ಮಾಡಿದ ಮೊದಲ ನಿಮಿಷಗಳ ಹೊಗೆಯೇ ಅತ್ಯಂತ ಕೆಟ್ಟದ್ದು, ನಾವು ಬಿಸಿ ಮಾಡುತ್ತೇವೆ ಎಂದು ನಿಲ್ಲಿಸುವುದೂ ಅದೇ ನಿಮಿಷಗಳಲ್ಲಿ. ಈಗ ಮನೆಗೆ ಅಂಟಿಕೊಂಡೇ ಷಟರ್ ಹಾಕಿದ ಕೋಣೆ ಕಟ್ಟಿ ಕಾರು ನಿಲ್ಲಿಸುವ ರೂಢಿ ಹಳ್ಳಿಗೂ ಬಂದಿದೆ. ಒಳಗಿನ ಬಾಗಿಲು ನಡುಮನೆಗೆ ತೆರೆಯುತ್ತದೆ. ಅಲ್ಲಿ ಷಟರ್ ಎತ್ತದೆ ಚಾವಿ ತಿರುಗಿಸಬಾರದು, ಚಾಲೂ ಮಾಡಿ ಒಳಗೆ ಕಾಫಿಗೆ ಹೋಗಲೂಬಾರದು. ಷಟರ್ ಎತ್ತಿದ್ದರೂ ಗಾಡಿಯನ್ನು ಕೂಡಲೇ ಹೊರಗೆ ತರಬೇಕು, ಹೊಗೆ ಕೊಳವೆಯ ಬಳಿ ಮಕ್ಕಳನ್ನು ಬಿಡಬಾರದು.

ಬೈಕುಗಳ ಮಾತು ಸ್ವಲ್ಪ ಬೇರೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮದ ಬಳಿಕ ಹೊಸ ಬೈಕುಗಳಿಗೂ ಇಂಜೆಕ್ಟರ್ ಬಂತು, ಚೋಕ್ ಬೇಕಿಲ್ಲ. ಆದರೆ ಹಳ್ಳಿಗಳಲ್ಲಿ ಅದಕ್ಕಿಂತ ಹಳೆಯ ಬೈಕುಗಳು ಇನ್ನೂ ಓಡುತ್ತಿವೆ. ಅವುಗಳಿಗೆ ಚಳಿಯ ಬೆಳಗ್ಗೆ ಚೋಕ್ ಎಳೆದು ಕಿಕ್ ಹೊಡೆದು, ಒಂದು ನಿಮಿಷದೊಳಗೆ ಚೋಕನ್ನು ಮರಳಿ ತಳ್ಳಬೇಕು. ಮರೆತು ಹಾಗೆಯೇ ಹೋದರೆ ಪ್ಲಗ್ಗಿಗೆ ಮಸಿ ಹಿಡಿದು ಗಾಡಿ ನಿಲ್ಲುತ್ತದೆ. ಆಗ ಪ್ಲಗ್ ಬಿಚ್ಚಿ ಒರೆಸಿ ಹಾಕದೆ ಬೇರೆ ದಾರಿಯಿಲ್ಲ.