ಕಾಡ್ಗಿಚ್ಚು ಹತೋಟಿಗೆ ತರುವುದು ಹೇಗೆ? ಕುರಂಗಣಿ, ಬಂಡೀಪುರ ಕಲಿಸಿದ ಪಾಠಗಳೇನು?

ಚೆನ್ನೈ: ಬೇಸಿಗೆ ಬಂತೆಂದರೆ ದಕ್ಷಿಣದ ಕಾಡುಗಳಲ್ಲಿ ಬೆಂಕಿಯ ಆತಂಕ ಶುರುವಾಗುತ್ತದೆ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಹಬ್ಬಿದ ಕಾಡ್ಗಿಚ್ಚಿಗೆ ಚೆನ್ನೈ, ಈರೋಡ್ ಮತ್ತು ತಿರುಪ್ಪೂರಿನಿಂದ ಬಂದಿದ್ದ ಎರಡು ಚಾರಣ ತಂಡಗಳು ಸಿಲುಕಿದವು. 9 ಮಂದಿ ಬೆಟ್ಟದಲ್ಲೇ ಮೃತಪಟ್ಟರು. ತೀವ್ರ ಸುಟ್ಟ ಗಾಯಗಳಿಂದ ಆಸ್ಪತ್ರೆ ಸೇರಿದ್ದ ಹಲವರು ನಂತರದ ದಿನಗಳಲ್ಲಿ ಕೊನೆಯುಸಿರೆಳೆದರು. ಸತ್ತವರ ಸಂಖ್ಯೆ 20 ದಾಟಿತು.

ವಾಯುಪಡೆಯ ಹೆಲಿಕಾಪ್ಟರ್‌ಗಳು, ಕಮಾಂಡೋಗಳು ರಕ್ಷಣೆಗೆ ಧಾವಿಸಿದರು. ಆದರೆ ಅವರಿಗಿಂತ ಮೊದಲು ಬೆಟ್ಟ ಹತ್ತಿದವರು ಸುತ್ತಲಿನ ಗ್ರಾಮಸ್ಥರು ಮತ್ತು ಟೀ ಎಸ್ಟೇಟ್ ಕಾರ್ಮಿಕರು. ಗಾಯಾಳುಗಳನ್ನು ಕಂಬಳಿ, ಬಟ್ಟೆಗಳಲ್ಲಿ ಹೊತ್ತು ಕೆಳಗಿಳಿಸಿದವರೂ ಅವರೇ. ಮರುವರ್ಷ ಕರ್ನಾಟಕದ ಬಂಡೀಪುರದಲ್ಲೂ ಬೆಂಕಿಯ ಎದುರು ಮೊದಲು ನಿಂತವರು ಕಾಡಂಚಿನ ಜನ ಮತ್ತು ಅರಣ್ಯ ಸಿಬ್ಬಂದಿ. ಹಾಗಾದರೆ ಕಾಡ್ಗಿಚ್ಚನ್ನು ನಂದಿಸುವುದು ಹೇಗೆ? ಇಲ್ಲಿದೆ ಮಾಹಿತಿ.

ಬೆಂಕಿ ಇಷ್ಟು ವೇಗವಾಗಿ ಹರಡುವುದೇಕೆ?

ಬೆಂಕಿ ಉರಿಯಲು ಶಾಖ, ಆಮ್ಲಜನಕ ಮತ್ತು ಉರುವಲು ಬೇಕು. ಕಾಡಿನಲ್ಲಿ ಒಣಹುಲ್ಲು, ತರಗೆಲೆ, ಒಣಗಿದ ಬಿದಿರು, ಲಂಟಾನ ಪೊದೆಗಳೇ ಉರುವಲು. ಇಳಿಜಾರು ಮತ್ತು ಗಾಳಿ ಜತೆಯಾದರೆ ಅಪಾಯ ಹೆಚ್ಚು. ಜ್ವಾಲೆ ತನ್ನ ಮೇಲಿನ ಇಳಿಜಾರಿನ ಹುಲ್ಲನ್ನು ಮೊದಲೇ ಬಿಸಿಮಾಡಿ ಒಣಗಿಸುವುದರಿಂದ ಬೆಂಕಿ ಬೆಟ್ಟ ಹತ್ತುವಾಗ ವೇಗ ಹೆಚ್ಚಿಸಿಕೊಳ್ಳುತ್ತದೆ. ಇಳಿಜಾರು ಪ್ರತಿ 10 ಡಿಗ್ರಿ ಹೆಚ್ಚಾದಂತೆ ಬೆಂಕಿಯ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ತಜ್ಞರು ಬಳಸುವ ಲೆಕ್ಕ. ಕುರಂಗಣಿಯ ಕಡಿದಾದ ಹುಲ್ಲಿನ ಇಳಿಜಾರಿನಲ್ಲಿ ಓಡಿ ಪಾರಾಗುವುದು ಕಷ್ಟವಾಗಿದ್ದು ಇದೇ ಕಾರಣಕ್ಕೆ.

ನೀರಿಗಿಂತ ಬೆಂಕಿ ರೇಖೆಯೇ ಮುಖ್ಯ

ಊರಿನ ಬೆಂಕಿಯಂತೆ ಕಾಡಿನ ಬೆಂಕಿಯನ್ನು ನೀರು ಹಾಕಿಯೇ ಆರಿಸಲು ಸಾಧ್ಯವಿಲ್ಲ. ಗುಡ್ಡದ ತುದಿಗೆ ಅಗ್ನಿಶಾಮಕ ವಾಹನ ಹೋಗುವುದಿಲ್ಲ, ಬೇಸಿಗೆಯಲ್ಲಿ ಕೆರೆಕಟ್ಟೆಗಳೂ ಬತ್ತಿರುತ್ತವೆ. ಹೀಗಾಗಿ ಬೆಂಕಿಗೆ ಉರುವಲು ಸಿಗದಂತೆ ಮಾಡುವುದೇ ಮುಖ್ಯ ತಂತ್ರ. ಅದು ಹೀಗೆ ನಡೆಯುತ್ತದೆ:

* ಬೆಂಕಿ ರೇಖೆ: ಮಳೆಗಾಲ ಮುಗಿದು ಹುಲ್ಲು ಒಣಗುತ್ತಿದ್ದಂತೆ ರಸ್ತೆ ಬದಿ, ವಲಯಗಳ ಗಡಿ, ಕಾಡಂಚಿನ ಉದ್ದಕ್ಕೂ ಪಟ್ಟಿಯಾಕಾರದಲ್ಲಿ ಗಿಡಗಂಟಿ ಕಡಿದು, ನಿಯಂತ್ರಿತವಾಗಿ ಸುಟ್ಟು ಖಾಲಿ ಮಾಡಲಾಗುತ್ತದೆ.
* ನೇರ ದಾಳಿ: ಬೆಂಕಿ ಚಿಕ್ಕದಿದ್ದಾಗ ಹಸಿ ಸೊಪ್ಪಿನ ಕೊಂಬೆಗಳಿಂದ ಅಂಚನ್ನು ಬಡಿದು ಆರಿಸುತ್ತಾರೆ. ಎಲೆ ಊದುವ ಯಂತ್ರ, ಬೆನ್ನಿಗೆ ಕಟ್ಟುವ ನೀರಿನ ಪಂಪ್‌ಗಳೂ ಬಳಕೆಯಲ್ಲಿವೆ.
* ಪಾರ್ಶ್ವ ದಾಳಿ: ಜ್ವಾಲೆ ಎತ್ತರವಾಗಿದ್ದರೆ ಮುಂಭಾಗಕ್ಕೆ ಹೋಗುವುದು ಅಪಾಯ. ಈಗಾಗಲೇ ಸುಟ್ಟ ಹಿಂಭಾಗದಿಂದ ಶುರುಮಾಡಿ ಎರಡೂ ಬದಿಯಿಂದ ಬೆಂಕಿಯನ್ನು ಕಿರಿದಾಗಿಸುತ್ತಾ ಹೋಗಬೇಕು.
* ಎದುರು ಬೆಂಕಿ: ಬೆಂಕಿ ಬರುವ ದಾರಿಯಲ್ಲಿ ಮೊದಲೇ ರೇಖೆ ಹಿಡಿದು ಅಲ್ಲಿಂದ ಎದುರಿಗೆ ಬೆಂಕಿ ಕೊಡುತ್ತಾರೆ. ಎರಡೂ ಸೇರುವಲ್ಲಿ ಉರುವಲು ಮುಗಿದು ಬೆಂಕಿ ಸಾಯುತ್ತದೆ. ಗಾಳಿ ತಿರುಗಿದರೆ ಇದು ತಿರುಗುಬಾಣವಾಗುವುದರಿಂದ ಅನುಭವಿಗಳಷ್ಟೇ ಇದನ್ನು ಮಾಡಬೇಕು.
* ಕಾವಲು: ಜ್ವಾಲೆ ಆರಿದರೂ ಬಿದ್ದ ಮರದ ದಿಮ್ಮಿ, ಬೊಡ್ಡೆಗಳಲ್ಲಿ ಕೆಂಡ ದಿನಗಟ್ಟಲೆ ಇರುತ್ತದೆ. ಅದನ್ನು ಮಣ್ಣು ಮುಚ್ಚಿ ಕಾಯದಿದ್ದರೆ ಮತ್ತೆ ಹೊತ್ತಿಕೊಳ್ಳುತ್ತದೆ.

ಬಂಡೀಪುರದಲ್ಲಿ ಆಗಿದ್ದೇನು?

2019ರ ಫೆಬ್ರವರಿ ಮೂರನೇ ವಾರ ಚಾಮರಾಜನಗರ ಜಿಲ್ಲೆಯ ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಕಾಣಿಸಿಕೊಂಡ ಬೆಂಕಿ ಬಲವಾದ ಗಾಳಿಗೆ ರಸ್ತೆ, ಬೆಂಕಿ ರೇಖೆಗಳನ್ನೂ ದಾಟಿತು. ಗೋಪಾಲಸ್ವಾಮಿ ಬೆಟ್ಟದ ಹುಲ್ಲುಗಾವಲು ಕರಕಲಾಯಿತು. ಬೆಂಗಳೂರು, ಮೈಸೂರಿನಿಂದ ನೂರಾರು ಸ್ವಯಂಸೇವಕರು ಬಂದರು. ಫೆಬ್ರವರಿ 25ರಿಂದ ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ಬಾಂಬಿ ಬಕೆಟ್ ಮೂಲಕ ನೀರು ಸುರಿದವು. ಉಪಗ್ರಹ ಚಿತ್ರಗಳ ಅಂದಾಜಿನ ಪ್ರಕಾರ 4,000 ಹೆಕ್ಟೇರ್‌ಗೂ ಹೆಚ್ಚು ಕಾಡು ಸುಟ್ಟಿತ್ತು.

ಆಕಾಶದಿಂದ ಬೀಳುವ ನೀರು ಜ್ವಾಲೆಯ ಅಬ್ಬರ ತಗ್ಗಿಸುತ್ತದೆ. ಆದರೆ ಕೆಳಗೆ ಜನರಿಲ್ಲದಿದ್ದರೆ ಸ್ವಲ್ಪ ಹೊತ್ತಿಗೇ ಅದೇ ಜಾಗ ಮತ್ತೆ ಉರಿಯುತ್ತದೆ. ಅಂಚನ್ನು ಕತ್ತರಿಸಿ ಕೆಂಡ ಆರಿಸುವ ಕೆಲಸ ನೆಲದ ಮೇಲಿರುವವರದ್ದೇ. ಆ ಕೆಲಸದ ಬೆಲೆಯೂ ದೊಡ್ಡದು. 2017ರಲ್ಲಿ ಬಂಡೀಪುರದಲ್ಲಿ, 2023ರಲ್ಲಿ ಸಕಲೇಶಪುರ ತಾಲೂಕಿನ ಕಾಡುಮನೆ ಬಳಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರು ಪ್ರಾಣ ಕಳೆದುಕೊಂಡಿದ್ದಾರೆ.

ಗ್ರಾಮಸ್ಥರು ಆರೋಪಿಗಳೋ, ರಕ್ಷಕರೋ?

ನಮ್ಮ ಕಾಡುಗಳಲ್ಲಿ ಬೆಂಕಿ ತಾನಾಗಿ ಹುಟ್ಟುವುದು ಅಪರೂಪ, ಬಹುತೇಕ ಮನುಷ್ಯರಿಂದಲೇ. ಎಸೆದ ಬೀಡಿ, ಹೊಲದ ತ್ಯಾಜ್ಯ ಸುಡುವುದು, ದನಕರುಗಳಿಗೆ ಹೊಸ ಹುಲ್ಲು ಚಿಗುರಲಿ ಎಂಬ ಆಸೆ, ಬೇಟೆ, ಕೆಲವೊಮ್ಮೆ ದ್ವೇಷ. ಆನೆ ದಾಳಿಯಿಂದ ಬೆಳೆ ಕಳೆದುಕೊಂಡವರಿಗೆ ಪರಿಹಾರ ತಡವಾದರೆ ಕಾಡಿನ ಮೇಲೆ ಸಿಟ್ಟು ಬೆಳೆಯುತ್ತದೆ.

ಆದರೆ ಬೇಸಿಗೆಯಲ್ಲಿ ಬೆಂಕಿ ಕಾವಲುಗಾರರಾಗಿ ದುಡಿಯುವವರಲ್ಲಿ ಸೋಲಿಗರು, ಜೇನುಕುರುಬರು ಸೇರಿದಂತೆ ಕಾಡಂಚಿನ ಯುವಕರೇ ಹೆಚ್ಚು. ಗಾಳಿ ಯಾವ ಹೊತ್ತಿಗೆ ತಿರುಗುತ್ತದೆ, ಯಾವ ಹಳ್ಳದಲ್ಲಿ ಇಳಿಯಬಹುದು ಎಂಬುದು ಅವರಿಗೆ ಗೊತ್ತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆಯ ಆರಂಭದಲ್ಲೇ ತರಗೆಲೆಗೆ ಸಣ್ಣ ಬೆಂಕಿ ಕೊಡುತ್ತಿದ್ದರು. ಇದನ್ನು ತರಗು ಬೆಂಕಿ ಎನ್ನುತ್ತಾರೆ. 1974ರಲ್ಲಿ ವನ್ಯಜೀವಿಧಾಮ ಘೋಷಣೆಯಾದ ಬಳಿಕ ಈ ಪದ್ಧತಿ ನಿಂತಿತು. ಲಂಟಾನ ಹಬ್ಬಲು, ಬೆಂಕಿ ಭೀಕರವಾಗಲು ಇದೂ ಒಂದು ಕಾರಣ ಎಂಬುದು ಸೋಲಿಗರ ವಾದ. ಈಗ ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಉಪಗ್ರಹದ ಎಚ್ಚರಿಕೆ

ಡೆಹ್ರಾಡೂನ್‌ನ ಭಾರತೀಯ ಅರಣ್ಯ ಸಮೀಕ್ಷೆ ಸಂಸ್ಥೆ ಉಪಗ್ರಹಗಳು ಗುರುತಿಸಿದ ಬೆಂಕಿಯ ಸ್ಥಳವನ್ನು ಎಸ್ಎಂಎಸ್ ಮೂಲಕ ಸಿಬ್ಬಂದಿಗೆ ಕಳುಹಿಸುತ್ತದೆ. ಆದರೆ ಉಪಗ್ರಹ ದಿನಕ್ಕೆ ಕೆಲವೇ ಬಾರಿ ಹಾದುಹೋಗುತ್ತದೆ. ನಡುವಿನ ಹೊತ್ತಿನಲ್ಲಿ ಹೊಗೆ ಕಾಣುವುದು ವೀಕ್ಷಣಾ ಗೋಪುರದ ಕಾವಲುಗಾರನಿಗೆ, ಇಲ್ಲವೇ ಹೊಲದಲ್ಲಿರುವ ರೈತನಿಗೆ. ಆತ ಕೂಡಲೇ ಕರೆ ಮಾಡಿದರೆ ಐದಾರು ಜನ ಆರಿಸಬಹುದಾದ ಬೆಂಕಿ, ತಡವಾದರೆ ನೂರಾರು ಜನರಿಗೂ ಜಗ್ಗುವುದಿಲ್ಲ.

ಬೆಂಕಿ ಕಂಡರೆ ಏನು ಮಾಡಬೇಕು?

* ಕರ್ನಾಟಕದಲ್ಲಿ ಅರಣ್ಯ ಸಹಾಯವಾಣಿ 1926 ಅಥವಾ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ ಸ್ಥಳ ತಿಳಿಸಿ.
* ಬೆಂಕಿ ಕೆಳಗಿದ್ದರೆ ಬೆಟ್ಟದ ಮೇಲಕ್ಕೆ ಓಡಬೇಡಿ. ಗಾಳಿಯ ದಿಕ್ಕಿಗೆ ಅಡ್ಡಲಾಗಿ ಪಕ್ಕಕ್ಕೆ ಸರಿಯಿರಿ.
* ಬಂಡೆ, ರಸ್ತೆ, ಹಳ್ಳ ಅಥವಾ ಪೂರ್ತಿ ಸುಟ್ಟು ಆರಿದ ಜಾಗ ಸೇರಿಕೊಳ್ಳಿ.
* ಹತ್ತಿ ಬಟ್ಟೆ ಸುರಕ್ಷಿತ, ಸಿಂಥೆಟಿಕ್ ಬಟ್ಟೆ ಕರಗಿ ಮೈಗೆ ಅಂಟುತ್ತದೆ.
* ಅನುಮತಿ ಇಲ್ಲದ ಹಾದಿಯಲ್ಲಿ, ಬೇಸಿಗೆಯಲ್ಲಿ ಮುಚ್ಚಿದ ಮಾರ್ಗದಲ್ಲಿ ಚಾರಣ ಬೇಡ. ಕುರಂಗಣಿ ದುರಂತದ ಬಳಿಕ ತಮಿಳುನಾಡು ಸರ್ಕಾರ ಚಾರಣಕ್ಕೆ ಪ್ರತ್ಯೇಕ ನಿಯಮಗಳನ್ನೇ ರೂಪಿಸಿದೆ.
* ತರಬೇತಿ ಇಲ್ಲದೆ ಬೆಂಕಿ ಆರಿಸಲು ಒಬ್ಬರೇ ಹೋಗಬೇಡಿ. ಅರಣ್ಯ ಸಿಬ್ಬಂದಿಯ ಸೂಚನೆಯಂತೆ ನಡೆದುಕೊಳ್ಳಿ.