ಸಾಮೂಹಿಕ ಅಪರಾಧ ಮತ್ತು ಹೊಣೆ: ಕನ್ನಡನಾಡಿನ ಕಡೆಯಿಂದ ಒಂದು ಸಮೀಕ್ಷೆ

ಅಂತರರಾಷ್ಟ್ರೀಯ ಅಪರಾಧ ನ್ಯಾಯ ನಿಂತಿರುವುದು ಒಂದು ತತ್ವದ ಮೇಲೆ. ಹತ್ಯಾಕಾಂಡ, ಯುದ್ಧಾಪರಾಧ, ಜನಸಮುದಾಯದ ಮೇಲೆ ನಡೆಯುವ ವ್ಯಾಪಕ ಚಿತ್ರಹಿಂಸೆ ಇವುಗಳಿಗೆ ರಾಜ್ಯ, ಸೇನೆ, ಸಂಘಟನೆ ಎಂಬ ಹೆಸರುಗಳು ಹೊಣೆಯಲ್ಲ. ಆಜ್ಞೆ ಕೊಟ್ಟ ಮತ್ತು ಅದನ್ನು ನಡೆಸಿದ ಮನುಷ್ಯರು ಹೊಣೆ. 1945ರ ನವೆಂಬರಿನಲ್ಲಿ ನ್ಯೂರೆಂಬರ್ಗ್‌ನಲ್ಲಿ ಆರಂಭವಾದ ವಿಚಾರಣೆ ಈ ತತ್ವವನ್ನು ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೆ ಒಡ್ಡಿತು. 1946ರ ಅಕ್ಟೋಬರ್ 1ರಂದು 12 ನಾಜಿ ನಾಯಕರಿಗೆ ಮರಣದಂಡನೆ ಪ್ರಕಟವಾಯಿತು, ಮೂವರು ಬಿಡುಗಡೆಯಾದರು. ಗೆದ್ದವರು ಸೋತವರನ್ನು ವಿಚಾರಿಸುವುದು ಎಂಥ ನ್ಯಾಯ ಎಂಬ ಆಕ್ಷೇಪವೂ ಆಗಲೇ ಹುಟ್ಟಿತು. ಟೋಕಿಯೊ ವಿಚಾರಣೆಯಲ್ಲಿ ಅದನ್ನು ಅತ್ಯಂತ ಕಟುವಾಗಿ ಬರೆದವರು ಭಾರತದ ನ್ಯಾಯಮೂರ್ತಿ ರಾಧಾಬಿನೋದ್ ಪಾಲ್. ಎಲ್ಲ ಆರೋಪಿಗಳನ್ನೂ ಬಿಡಬೇಕೆಂಬ ಅವರ ಭಿನ್ನಮತದ ತೀರ್ಪು ಇಂದಿಗೂ ವಾದಕ್ಕೆ ವಸ್ತು.

ಆದರೆ ಭಾರತದ ಪಾತ್ರ ಆಕ್ಷೇಪಕ್ಕೆ ಸೀಮಿತವಾಗಿರಲಿಲ್ಲ. 1946ರಲ್ಲಿ ಜನಾಂಗ ಹತ್ಯೆಯನ್ನು ಅಂತರರಾಷ್ಟ್ರೀಯ ಅಪರಾಧವೆಂದು ಸಾರುವ ನಿರ್ಣಯವನ್ನು ವಿಶ್ವಸಂಸ್ಥೆಯ ಮುಂದಿಟ್ಟ ಮೂರು ದೇಶಗಳಲ್ಲಿ ಭಾರತವೂ ಒಂದು. ಉಳಿದೆರಡು ಕ್ಯೂಬಾ ಮತ್ತು ಪನಾಮಾ. 1949ರಲ್ಲಿ ಕೆಲಸ ಆರಂಭಿಸಿದ ಅಂತರರಾಷ್ಟ್ರೀಯ ಕಾನೂನು ಆಯೋಗದ ಮೊದಲ ಸದಸ್ಯರಲ್ಲಿ ಕರಾವಳಿ ಕರ್ನಾಟಕದ ಬೆನಗಲ್ ನರಸಿಂಗ ರಾವ್ ಒಬ್ಬರು. ಭಾರತದ ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಅದೇ ಬಿ.ಎನ್. ರಾವ್. ಆ ಆಯೋಗ 1950ರಲ್ಲಿ ನ್ಯೂರೆಂಬರ್ಗ್ ತತ್ವಗಳನ್ನು ಸೂತ್ರರೂಪಕ್ಕೆ ತಂದಿತು: ಪದವಿ ಯಾರನ್ನೂ ಕಾಯದು, ಬೇರೆ ದಾರಿ ಇದ್ದವನಿಗೆ ಮೇಲಧಿಕಾರಿಯ ಹುಕುಂ ನೆಪವಾಗದು.

ಈ ಸೂತ್ರಗಳು ರೂಪುಗೊಳ್ಳುತ್ತಿದ್ದ ಹೊತ್ತಿಗೇ ಕನ್ನಡನಾಡಿನ ಒಂದು ಭಾಗದಲ್ಲಿ ಅವುಗಳಿಗೆ ತಕ್ಕ ಘಟನೆಗಳು ನಡೆದಿದ್ದವು. 1948ರಲ್ಲಿ ಧಾರವಾಡ ಜಿಲ್ಲೆ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಅದರ ಪೂರ್ವದ ಅಂಚು ಮುಟ್ಟುತ್ತಿದ್ದುದು ನಿಜಾಮರ ಹೈದರಾಬಾದ್ ಸಂಸ್ಥಾನವನ್ನು. ಅಲ್ಲಿ ನಿಜಾಮರ ಪರವಾದ ಸಶಸ್ತ್ರ ಪಡೆ ರಜಾಕಾರರು ಹಳ್ಳಿಗಳಿಗೆ ನುಗ್ಗಿ ಲೂಟಿ, ಕೊಲೆ ನಡೆಸುತ್ತಿದ್ದರು. ಬೀದರ್ ಜಿಲ್ಲೆಯ ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ಸುಮಾರು 200 ಜನ ಹತರಾದರೆಂದು ಅಲ್ಲಿನವರು ಹೇಳುತ್ತ ಬಂದಿದ್ದಾರೆ. ಗಡಿಯ ಈಚೆ, ಧಾರವಾಡ ಜಿಲ್ಲೆಯ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ ನೇತೃತ್ವದ ಪ್ರತಿರೋಧ ಶಿಬಿರಗಳು ಎದ್ದವು.

ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನದೊಳಕ್ಕೆ ಹೋಯಿತು. ನಿಜಾಮರು ಶರಣಾಗಲು ಒಂದು ವಾರವೂ ಹಿಡಿಯಲಿಲ್ಲ. ಆಮೇಲೆ ನಡೆದದ್ದು ಕನ್ನಡದ ವಿಮೋಚನಾ ಕಥನಗಳಲ್ಲಿ ವಿರಳವಾಗಿ ಕಾಣುತ್ತದೆ: ರಜಾಕಾರರ ಮೇಲಿನ ಸೇಡು ಸಾಮಾನ್ಯ ಮುಸ್ಲಿಮರ ಮೇಲೆ ಎರಗಿತು. ಅದನ್ನು ಪರಿಶೀಲಿಸಲು ಪ್ರಧಾನಿ ನೆಹರೂ ಸೌಹಾರ್ದ ನಿಯೋಗವೊಂದನ್ನು ಕಳಿಸಿದರು. ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮೊದಲಾದವರಿದ್ದ ಆ ತಂಡ ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ಸಂಸ್ಥಾನದ 16 ಜಿಲ್ಲೆಗಳ ಪೈಕಿ 9ರಲ್ಲಿ ಸುತ್ತಿತು. ಪ್ಯಾರಿಸ್ಸಿನಲ್ಲಿ ವಿಶ್ವಸಂಸ್ಥೆ ಜನಾಂಗ ಹತ್ಯೆಯ ವಿರುದ್ಧದ ಒಪ್ಪಂದವನ್ನು ಅಂಗೀಕರಿಸಿದ ಡಿಸೆಂಬರ್ 9 ಈ ಪ್ರವಾಸದ ನಡುವೆಯೇ ಬಂತು. ಕಾರ್ಯಾಚರಣೆಯ ವೇಳೆ ಮತ್ತು ನಂತರ ಸತ್ತವರು 27,000ದಿಂದ 40,000 ಎಂದು ತಂಡದ ಅಂದಾಜು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಎರಡು ಕನ್ನಡದವು, ಬೀದರ್ ಮತ್ತು ಗುಲಬರ್ಗಾ. ಸೈನಿಕರು, ಪೊಲೀಸರು ಕೆಲವೆಡೆ ಲೂಟಿ ಕೊಲೆಗಳಲ್ಲಿ ಕೈಜೋಡಿಸಿದರೆಂದೂ, ಹಿಂದೂ ನೆರೆಹೊರೆಯವರು ಮುಸ್ಲಿಮರನ್ನು ಕಾಪಾಡಿದ ನಿದರ್ಶನಗಳಿವೆಯೆಂದೂ ವರದಿಯಲ್ಲಿದೆ. ಗೃಹಮಂತ್ರಿ ಪಟೇಲರು ಅದನ್ನು ಒಪ್ಪಲಿಲ್ಲ. ಸರ್ಕಾರ ಪ್ರಕಟಿಸಲೂ ಇಲ್ಲ; ಪೂರ್ಣ ಪಾಠ ಓದುಗರ ಕೈಗೆ ಬಂದದ್ದು 2013ರ ಸುಮಾರಿಗೆ.

ಎರಡೂ ಕಡೆಯ ಹಿಂಸೆಗೆ ನ್ಯಾಯಾಲಯದಲ್ಲಿ ಸಿಕ್ಕ ಉತ್ತರ ತೀರ ಸಣ್ಣದು. ರಜಾಕಾರರ ಮುಖ್ಯಸ್ಥ ಕಾಸಿಂ ರಜ್ವಿಯನ್ನು ವಿಶೇಷ ನ್ಯಾಯಮಂಡಳಿಯೊಂದು ವಿಚಾರಿಸಿತು. ಆದರೆ ಶಿಕ್ಷೆಯಾದದ್ದು ಬೀಬಿನಗರ ಎಂಬ ಒಂದು ಊರಿನ ದರೋಡೆಗೆ. ಸುಪ್ರೀಂ ಕೋರ್ಟ್ 1953ರಲ್ಲಿ ಅದನ್ನು ಎತ್ತಿಹಿಡಿಯಿತು. 1957ರಲ್ಲಿ ಬಿಡುಗಡೆಯಾದ ಆತ ಪಾಕಿಸ್ತಾನಕ್ಕೆ ಹೋದ. ಸಂಘಟಿತ ದೌರ್ಜನ್ಯವನ್ನು ಬಿಡಿ ಬಿಡಿ ದರೋಡೆ, ಕೊಲೆಗಳನ್ನಾಗಿ ಒಡೆದು ನೋಡುವುದಷ್ಟೇ ಅಂದಿನ ದಂಡಸಂಹಿತೆಗೆ ಸಾಧ್ಯವಿತ್ತು. ಇನ್ನೊಂದು ಕಡೆಯವರ ಪಾಲಿಗೆ ಉಳಿದದ್ದು ಬೀಗ ಹಾಕಿಟ್ಟ ಒಂದು ವರದಿ. ಭಾರತ 1959ರಲ್ಲಿ ಜನಾಂಗ ಹತ್ಯೆ ಒಪ್ಪಂದವನ್ನು ಸ್ಥಿರೀಕರಿಸಿತಾದರೂ ಅದಕ್ಕೆ ಹೊಂದುವ ದೇಶೀಯ ಕಾಯ್ದೆ ಮಾಡಲಿಲ್ಲ.

ಶೀತಲ ಸಮರದ ದಶಕಗಳಲ್ಲಿ ಈ ಕ್ಷೇತ್ರ ಬಹುತೇಕ ಮಲಗಿತ್ತು. ಯುಗೊಸ್ಲಾವಿಯಾ, ರುವಾಂಡಾಗಳಿಗಾಗಿ 1993 ಮತ್ತು 1994ರಲ್ಲಿ ನ್ಯಾಯಮಂಡಳಿಗಳು ಬಂದವು. 1998ರ ಜುಲೈ 17ರಂದು ರೋಮ್‌ನಲ್ಲಿ 120 ದೇಶಗಳು ಶಾಶ್ವತ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು ಸ್ಥಾಪಿಸುವ ರೋಮ್ ಶಾಸನಕ್ಕೆ ಒಪ್ಪಿದವು. ಭಾರತ ಮತ ಹಾಕಲಿಲ್ಲ. ಭದ್ರತಾ ಮಂಡಳಿಗೆ ಕೊಟ್ಟ ಅಧಿಕಾರ, ಅಣ್ವಸ್ತ್ರ ಬಳಕೆಯನ್ನು ಅಪರಾಧಗಳ ಪಟ್ಟಿಗೆ ಸೇರಿಸದಿರುವುದು, ಆಂತರಿಕ ಸಂಘರ್ಷಗಳನ್ನು ಒಳಗೊಂಡಿರುವುದು ಇವು ಅದರ ಆಕ್ಷೇಪಗಳು. ಮೊದಲೆರಡರಲ್ಲಿ ಹುರುಳಿದೆ. ಮೂರನೆಯದನ್ನು ಅಷ್ಟು ಸುಲಭವಾಗಿ ಒಪ್ಪಲಾಗದು. ಭಾರತದಲ್ಲಿ ಹೊಣೆಗಾರಿಕೆಯ ಪ್ರಶ್ನೆ ಹೆಚ್ಚಾಗಿ ಏಳುವುದೇ ಅಲ್ಲಿ.

ಕರ್ನಾಟಕದ ಮಟ್ಟಿಗೆ ಅದಕ್ಕೆ ದೊಡ್ಡ ಉದಾಹರಣೆ ಕಾಡುಗಳ್ಳ ವೀರಪ್ಪನ್‌ಗಾಗಿ ನಡೆದ ಬೇಟೆ. 1993ರ ಏಪ್ರಿಲಿನ ಪಾಲಾರ್ ಸ್ಫೋಟದಲ್ಲಿ 22 ಜನ ಸತ್ತ ಮೇಲೆ ಎರಡು ರಾಜ್ಯಗಳ ವಿಶೇಷ ಕಾರ್ಯಪಡೆ ಕಾಡಂಚಿನ ಹಳ್ಳಿಗಳನ್ನು ಜಾಲಾಡಿತು. ಮಲೆ ಮಹದೇಶ್ವರ ಬೆಟ್ಟದ ವಿಚಾರಣಾ ತಾಣಕ್ಕೆ ‘ವರ್ಕ್‌ಶಾಪ್’ ಎಂಬ ಹೆಸರೇ ಬಿತ್ತು. ಅಲ್ಲಿಂದ ಬಂದವರು ವಿದ್ಯುತ್ ಶಾಕ್, ಅತ್ಯಾಚಾರಗಳ ಬಗ್ಗೆ ದೂರಿದರು. ನೂರಕ್ಕೂ ಹೆಚ್ಚು ಹಳ್ಳಿಗರು ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆಯಡಿ ವರ್ಷಗಟ್ಟಲೆ ಜೈಲಿನಲ್ಲಿದ್ದು, 2001ರಲ್ಲಿ ಬಹುಪಾಲು ಜನ ಖುಲಾಸೆಯಾದರು. ಬೆಂಗಳೂರಿನವರೇ ಆದ ಎಂ.ಎನ್. ವೆಂಕಟಾಚಲಯ್ಯ ಅಧ್ಯಕ್ಷರಾಗಿದ್ದಾಗ, 1999ರಲ್ಲಿ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ನೇತೃತ್ವದ ಸಮಿತಿ ನೇಮಿಸಿತು. ನಡುವೆ 2000ದ ಜುಲೈನಲ್ಲಿ ವೀರಪ್ಪನ್ ನಟ ರಾಜ್‌ಕುಮಾರ್ ಅವರನ್ನು ಅಪಹರಿಸಿದ. ಟಾಡಾ ಬಂದಿಗಳ ಬಿಡುಗಡೆ ಅವನ ಬೇಡಿಕೆಗಳಲ್ಲೊಂದಾಯಿತು. ಸರ್ಕಾರ ಮೊಕದ್ದಮೆ ಹಿಂತೆಗೆಯಲು ಹೊರಟಾಗ ಹತರಾದ ಪೊಲೀಸ್ ಅಧಿಕಾರಿಯೊಬ್ಬರ ತಂದೆ ಸುಪ್ರೀಂ ಕೋರ್ಟಿಗೆ ಹೋಗಿ ಅದನ್ನು ತಡೆದರು. ಮಗನನ್ನು ಕಳೆದುಕೊಂಡ ಆ ತಂದೆಯೂ, ವರ್ಕ್‌ಶಾಪಿನಿಂದ ಬಂದ ಹಳ್ಳಿಗರೂ ಕೇಳಿದ್ದು ತೀರ್ಪನ್ನೇ. ಸಮಿತಿ 2003ರಲ್ಲಿ ವರದಿ ಕೊಟ್ಟಿತು. 2007ರ ಜನವರಿಯಲ್ಲಿ ಆಯೋಗ 89 ಸಂತ್ರಸ್ತರಿಗೆ 2.80 ಕೋಟಿ ರೂಪಾಯಿ ಮಧ್ಯಂತರ ಪರಿಹಾರ ಶಿಫಾರಸು ಮಾಡಿತು. ಪರಿಹಾರವೆಂದರೆ ಅನ್ಯಾಯ ನಡೆದದ್ದನ್ನು ಒಪ್ಪಿದಂತೆ, ಮಾಡಿದವರು ಯಾರೆಂದು ಹೇಳಿದಂತಲ್ಲ.

ಜಾತಿ ದೌರ್ಜನ್ಯದ ಪ್ರಕರಣಗಳಲ್ಲಿ ತೊಡಕು ಬೇರೆ ಬಗೆಯದು. ಅಲ್ಲಿ ಕಾಯ್ದೆಯಿದೆ, ಸಾಕ್ಷಿ ನಿಲ್ಲುವುದಿಲ್ಲ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ದಲಿತರನ್ನು ಸುಡಲಾಯಿತು. ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, ಹೈಕೋರ್ಟೂ 2014ರಲ್ಲಿ ಅದನ್ನೇ ಎತ್ತಿಹಿಡಿಯಿತು. ರೋಮ್ ಶಾಸನದಲ್ಲಿ ಸಾಕ್ಷಿರಕ್ಷಣೆ ನ್ಯಾಯಾಲಯದ ಕರ್ತವ್ಯ. ಭಾರತದಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿರಕ್ಷಣಾ ಯೋಜನೆಗೆ ಒಪ್ಪಿಗೆ ಕೊಟ್ಟದ್ದು 2018ರಲ್ಲಿ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಮೇಲೆ ನಡೆದ ದಾಳಿಯ 2014ರ ಪ್ರಕರಣದಲ್ಲಿ ಕೊಪ್ಪಳದ ನ್ಯಾಯಾಲಯ 2024ರ ಅಕ್ಟೋಬರಿನಲ್ಲಿ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಗುಂಪಿನಲ್ಲಿ ಗೋವಿಂದ ಎಂಬಂತೆ ಕರಗಿಹೋಗುವ ಹೊಣೆಯನ್ನು ಒಬ್ಬೊಬ್ಬರ ಹೆಸರಿಗೆ ಬರೆದ ಅಪರೂಪದ ತೀರ್ಪು ಅದು. ಮುಂದಿನ ತಿಂಗಳೇ ಹೈಕೋರ್ಟ್ ಬಹುತೇಕರ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು.

1984ರ ಸಿಖ್ ಹತ್ಯಾಕಾಂಡದ ಪ್ರಕರಣವೊಂದರಲ್ಲಿ ದೆಹಲಿ ಹೈಕೋರ್ಟ್ 2018ರ ಡಿಸೆಂಬರಿನಲ್ಲಿ ಈ ಕೊರತೆಯನ್ನು ನೇರವಾಗಿ ಹೇಳಿತು: ಜನಾಂಗ ಹತ್ಯೆಯಾಗಲಿ, ಮಾನವತೆಯ ವಿರುದ್ಧದ ಅಪರಾಧವಾಗಲಿ ಭಾರತದ ದಂಡ ಕಾನೂನಿನಲ್ಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅವು ಸೇರಲಿಲ್ಲ. ಮಾನವತೆಯ ವಿರುದ್ಧದ ಅಪರಾಧಗಳಿಗೆ ಪ್ರತ್ಯೇಕ ಒಪ್ಪಂದ ರೂಪಿಸಲು 2028 ಮತ್ತು 2029ರಲ್ಲಿ ಸಮ್ಮೇಳನ ನಡೆಸಲು ವಿಶ್ವಸಂಸ್ಥೆಯ ಮಹಾಸಭೆ 2024ರ ಡಿಸೆಂಬರಿನಲ್ಲಿ ನಿರ್ಧರಿಸಿದೆ. ರೋಮ್ ಶಾಸನಕ್ಕೆ ಭಾರತ ಇನ್ನೂ ಸಹಿ ಹಾಕಿಲ್ಲ.