ಪೀಣ್ಯದ ಗಸಗಸೆ ಮರ

ಕಾಶ್ಮೀರದ ಚೆರಿಗೆ ವಾರಗಟ್ಟಲೆ ಕೊರೆಯುವ ಚಳಿ ಬೇಕು, ಇಲ್ಲದಿದ್ದರೆ ಸರಿಯಾಗಿ ಹೂವೇ ಬಿಡದು. ನಮ್ಮ ಪೀಣ್ಯದಲ್ಲಿ ಅಂಥ ಚಳಿ ಎಲ್ಲಿಂದ ಬರಬೇಕು? ಇಲ್ಲಿನ ಚೆರಿ ಅಂದರೆ ಗಸಗಸೆ ಹಣ್ಣು. 1970ರ ದಶಕದಲ್ಲಿ ಕೈಗಾರಿಕಾ ಪ್ರದೇಶ ತಲೆಯೆತ್ತಿ ಹೊಲಗಳೆಲ್ಲ ಶೆಡ್ಡುಗಳಾದವು. ನಾನು ಲೇತ್ ಕೆಲಸಕ್ಕೆ ಸೇರುವ ಹೊತ್ತಿಗೆ ಕಾಂಪೌಂಡಿನ ಮೂಲೆಯಲ್ಲಿ, ಕಬ್ಬಿಣದ ಚೂರು ಸುರಿದ ನೆಲದಲ್ಲೂ ಈ ಮರ ಎದ್ದಿತ್ತು. ಯಾರೂ ನೆಟ್ಟದ್ದಲ್ಲ, ಬಾವಲಿ, ಹಕ್ಕಿಗಳ ಬಿತ್ತನೆ. ತವರು ಅಮೆರಿಕದ ಉಷ್ಣವಲಯ. ಮೊಳೆತ ಎರಡು ವರ್ಷಕ್ಕೆಲ್ಲ ಫಸಲು. ಬಿಳಿ ಹೂವು ಒಂದೇ ದಿನದ್ದು, ಎಲೆ ಮುಟ್ಟಿದರೆ ಅಂಟಂಟು. ಕೆಂಪು ಹಣ್ಣನ್ನು ಹಿಸುಕಿದರೆ ಬಾಯಿಗೆ ಸಿಹಿ ತಿರುಳು, ಲೆಕ್ಕವಿಲ್ಲದ ಬೀಜ. ನೆಲವೆಲ್ಲ ಗಲೀಜು ಅಂತ ನಮ್ಮ ಮೇಸ್ತ್ರಿ ಬೈಯುತ್ತಿದ್ದರು. ಮಧ್ಯಾಹ್ನ ಬುತ್ತಿ ಬಿಚ್ಚುತ್ತಿದ್ದದ್ದು ಮಾತ್ರ ಅದರ ನೆರಳಲ್ಲೇ.